ಬೀಗಲ್ ಮೊಲವನ್ನು ಹಿಡಿಯುವುದಿಲ್ಲ, ಸುತ್ತಿಸಿ ತರುತ್ತದೆ

ಪ್ರಶ್ನೆ: ನಾನು ಅಮೆರಿಕದ ಓಹಾಯೋದಲ್ಲಿ ಎಚ್‌-1ಬಿ ವೀಸಾದಲ್ಲಿದ್ದೇನೆ. ಪಕ್ಕದ ಮನೆಯ ಹಿರಿಯರ ಬಳಿ ನಾಲ್ಕು ಬೀಗಲ್ ನಾಯಿಗಳಿವೆ. ನವೆಂಬರ್‌ನಲ್ಲಿ ಮೊಲದ ಬೇಟೆಗೆ ಬಾ ಎಂದು ಕರೆದಿದ್ದಾರೆ. ಇಷ್ಟು ಗಿಡ್ಡ ಕಾಲಿನ ನಾಯಿ ಮೊಲವನ್ನು ಓಡಿ ಹಿಡಿಯುತ್ತದೆಯೇ? ನಾನು ಏನೇನು ತಿಳಿದುಕೊಂಡು ಹೋಗಬೇಕು?

ಉತ್ತರ: ಹಿಡಿಯುವುದಿಲ್ಲ. ಹಿಡಿಯಲಿ ಎಂದು ಅದನ್ನು ಸಾಕಿದವರೂ ಬಯಸುವುದಿಲ್ಲ. ನಮ್ಮ ಕಡೆ ಬೇಟೆನಾಯಿ ಎಂದೊಡನೆ ಮುಧೋಳದ ನಾಯಿ ನೆನಪಾಗುತ್ತದೆ: ನೀಳ ಕಾಲು, ಕಣ್ಣಿಗೆ ಬಿದ್ದದ್ದನ್ನು ಬಯಲಿನಲ್ಲಿ ಅಟ್ಟಿ ಹಿಡಿಯುವ ವೇಗ. ಬೀಗಲ್‌ನ ದಾರಿಯೇ ಬೇರೆ. ಅದು ನಂಬುವುದು ಮೂಗನ್ನು. ಮೊಲ ಹತ್ತು ಮಾರು ದೂರದಲ್ಲಿ ಅಡ್ಡ ಹಾಯ್ದರೂ ತಲೆ ಎತ್ತದೆ, ಅದು ಹೋದ ದಾರಿಯನ್ನು ತಿರುವು ತಿರುವಾಗಿ ಮೂಸುತ್ತಲೇ ಬರುವ ಬೀಗಲ್‌ಗಳನ್ನು ನಾನು ನೋಡಿದ್ದೇನೆ.

ಓಹಾಯೋದಲ್ಲಿ ನಿಮಗೆ ಸಿಗುವುದು ಕಾಟನ್‌ಟೇಲ್ ಮೊಲ. ಅದು ಬಿಲ ತೋಡುವುದಿಲ್ಲ. ಮುಳ್ಳುಪೊದೆಯ ಬುಡದಲ್ಲೋ ಒಣಹುಲ್ಲಿನಲ್ಲೋ ತನ್ನ ಮೈ ಹಿಡಿಯುವಷ್ಟು ತಗ್ಗು ಮಾಡಿಕೊಂಡು ಕೂರುತ್ತದೆ. ಅದರ ಓಡಾಟವೆಲ್ಲ ಕೆಲವೇ ಎಕರೆಯೊಳಗೆ. ಆದ್ದರಿಂದ ಎಬ್ಬಿಸಿದರೂ ಸೀಮೆ ಬಿಟ್ಟು ಹೋಗದೆ, ಒಂದು ಸುತ್ತು ಹಾಕಿ ಎದ್ದ ಜಾಗದ ಹತ್ತಿರಕ್ಕೇ ಮರಳುತ್ತದೆ. ಬೀಗಲ್ ಬೇಟೆ ನಿಂತಿರುವುದು ಈ ಸುತ್ತಿನ ಮೇಲೆ. ವೇಗದ ನಾಯಿ ಬೆನ್ನು ಹತ್ತಿದರೆ ಮೊಲ ಗಾಬರಿಯಿಂದ ಗ್ರೌಂಡ್‌ಹಾಗ್ ಎಂಬ ಪ್ರಾಣಿ ತೋಡಿದ ಬಿಲಕ್ಕೆ ನುಗ್ಗಿಬಿಡುತ್ತದೆ, ಅಲ್ಲಿಗೆ ಆಟ ಮುಗಿಯಿತು. ಬೀಗಲ್ ಹಿಂದಿನಿಂದ ಒಂದೇ ಸಮನೆ ಒತ್ತುತ್ತ ಬರುತ್ತದೆ, ಹೆದರಿಸಿ ಓಡಿಸುವುದಿಲ್ಲ. ಆ ಗಿಡ್ಡ ಕಾಲು ಕೊರತೆಯಲ್ಲ, ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡ ಗುಣ. ಅಮೆರಿಕದಲ್ಲಿ 13 ಇಂಚು ಮೀರದವು, 13ರಿಂದ 15 ಇಂಚಿನವು ಎಂದು ಎರಡು ಅಳತೆಯ ಬೀಗಲ್‌ಗಳಿವೆ. ನಿಮ್ಮ ನೆರೆಯವರ ನಾಯಿಗಳು ಯಾವ ಅಳತೆಯವೆಂದು ಕೇಳಿ ನೋಡಿ, ಅವರಿಗೆ ಖುಷಿಯಾಗುತ್ತದೆ.

ಹಾಗಾಗಿ ನಾಯಿಗಳ ಹಿಂದೆ ಓಡಬೇಡಿ. ಮೊಲ ಎದ್ದ ಜಾಗದ ಸಮೀಪದಲ್ಲಿ, ಪೊದೆಗಳ ನಡುವೆ ಒಂದಿಷ್ಟು ನೆಲ ಕಾಣುವಲ್ಲಿ ಅಲುಗಾಡದೆ ನಿಂತು ಕಿವಿಗೊಡಿ. ಜಾಡಿನಲ್ಲಿ ಕೂಗುತ್ತ ಸಾಗುವ ನಾಯಿಗಳ ದನಿ ದೂರ ಹೋಗುತ್ತದೆ, ಒಂದು ಕಡೆ ಬಾಗುತ್ತದೆ, ಮೆಲ್ಲಗೆ ನಿಮ್ಮತ್ತ ಹೊರಳುತ್ತದೆ. ನಡುವೆ ಥಟ್ಟನೆ ಎಲ್ಲವೂ ನಿಂತುಹೋಗಬಹುದು. ಮೊಲ ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಪಕ್ಕಕ್ಕೆ ನೆಗೆದು ಜಾಡು ಮುರಿದಿರುತ್ತದೆ. ಆಗ ಒಳ್ಳೆಯ ನಾಯಿ ಸಿಕ್ಕಾಪಟ್ಟೆ ಅಲೆಯುವುದಿಲ್ಲ. ವಾಸನೆ ತಪ್ಪಿದ ಜಾಗದ ಸುತ್ತಲೇ ಬಾಲ ಆಡಿಸುತ್ತ ಹುಡುಕುತ್ತದೆ. ಹುಲ್ಲಿನ ಮೇಲೆ ಬಿಳಿ ಬಾಲದ ತುದಿಗಳಷ್ಟೇ ಕಾಣುತ್ತಿರುತ್ತವೆ. ಒಂದು ನಾಯಿ ಜಾಡು ಹಿಡಿದು ಕೂಗಿತೆಂದರೆ ಉಳಿದವು ಅದರ ಮಾತನ್ನು ನಂಬಿ ಓಡಿಬಂದು ಸೇರಿಕೊಳ್ಳುತ್ತವೆ. ಈ ಬೇಟೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಇದು.

ನಾಯಿಗಳು ಇನ್ನೂ ದೂರದಲ್ಲಿರುವಾಗಲೇ ಮೊಲ ಬಂದಿರುತ್ತದೆ, ಹೊಸಬರು ತಪ್ಪುವುದು ಇಲ್ಲೇ. ಒಮ್ಮೆ ಇಬ್ಬನಿ ಕರಗುತ್ತಿದ್ದ ಬೆಳಿಗ್ಗೆ, ನಾಯಿಗಳ ದನಿ ಹಳ್ಳದ ಆಚೆ ಇರುವಾಗಲೇ ಮೊಲ ನನ್ನ ಮುಂದಿನ ಪೊದೆಯಿಂದ ಹೊರಬಂತು. ಓಡುತ್ತಿರಲಿಲ್ಲ. ಎರಡು ಹೆಜ್ಜೆ ಕುಪ್ಪಳಿಸಿ ನಿಂತು, ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ ನಾಯಿಗಳು ಎಲ್ಲಿವೆಯೆಂದು ಕೇಳಿಸಿಕೊಂಡು, ಮತ್ತೆ ಕುಪ್ಪಳಿಸಿತು. ನಾನು ಪಾದ ಕದಲಿಸಿದೆ, ಅದು ಮಾಯವಾಯಿತು.

ನೆಲ ತಂಪಾಗಿ ತೇವವಿದ್ದರೆ ವಾಸನೆ ನಿಲ್ಲುತ್ತದೆ. ಒಣಗಾಳಿ ಬೀಸುವ ದಿನ ಎಂಥ ನಾಯಿಯೂ ತಡವರಿಸುತ್ತದೆ, ಅಂದು ಅವುಗಳನ್ನು ದೂರಬೇಡಿ.

ಇನ್ನು ಕಾನೂನಿನ ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ಇದರಿಂದ ವಿನಾಯಿತಿಯಿದೆ. ಹೀಗಾಗಿ ‘ಒಂದು ನಿಮಿಷ ಹಿಡಿದುಕೋ’ ಎಂದು ಯಾರಾದರೂ ಕೋವಿ ಚಾಚಿದರೂ, ಪರವಾನಗಿ ಕೈಸೇರುವ ಮೊದಲು ಮುಟ್ಟಬೇಡಿ. ಮೊದಲ ವರ್ಷ ಕೋವಿಯಿಲ್ಲದೆ, ಬರೀ ಕೇಳಲು ಹೋಗಿಬನ್ನಿ ಎಂಬುದೇ ನನ್ನ ಸಲಹೆ. ನಾಯಿಗಳನ್ನು ಅರಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳಿ. ಜೊತೆಯವರು ನಿಂತ ಜಾಗ ಬದಲಾದರೆ ಕೂಗಿ ತಿಳಿಸುವಂತೆ ಕೇಳಿಕೊಳ್ಳಿ.

ಮೊಲ ಸುಲಿಯಲು ಕೈ ಹಾಕುವುದಾದರೆ ರಬ್ಬರ್ ಕೈಗವಸು ಬೇಕೇ ಬೇಕು. ಟುಲರೀಮಿಯಾ ಎಂಬ ಬ್ಯಾಕ್ಟೀರಿಯಾ ಜ್ವರ ಮೊಲದ ರಕ್ತದಿಂದ ಕೈಯ ಗಾಯದ ಮೂಲಕ ಅಂಟುತ್ತದೆ. ಪಿತ್ತಜನಕಾಂಗದ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಕಂಡರೆ ಆ ಮಾಂಸ ಬೇಡ. ಚೆನ್ನಾಗಿರುವುದನ್ನೂ ಪೂರ್ತಿ ಬೇಯಿಸಿಯೇ ತಿನ್ನಿ.

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ. ಶೇಂಗಾ ಹೊಲಕ್ಕೆ ಮೊಲಗಳ ಕಾಟ. ಇಂಗ್ಲೆಂಡಿನಲ್ಲಿ ಬೀಗಲ್ ಹಿಂಡು ಬಿಟ್ಟು ಮೊಲ ಹಿಡಿಯುತ್ತಾರಂತೆ. ನಾವೂ ಒಂದೆರಡು ತರಬಹುದೇ?

ಉತ್ತರ: ಬೇಡ. ನಮ್ಮ ಹೊಲದ ಕಪ್ಪು ಕತ್ತಿನ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವ ಪ್ರಯತ್ನವೂ ಅಪರಾಧವೇ. ನೀವು ಕೇಳಿದ ಇಂಗ್ಲೆಂಡಿನ ಮಾತು ಈಗ ಹಳೆಯದು. ಅಲ್ಲಿ ಜನ ಬೀಗಲ್ ಹಿಂಡಿನ ಹಿಂದೆ ಕಾಲ್ನಡಿಗೆಯಲ್ಲಿ ಓಡುತ್ತಿದ್ದುದು ದೊಡ್ಡ ಕಾಡುಮೊಲಕ್ಕಾಗಿ. 2005ರ ಫೆಬ್ರುವರಿ 18ರಿಂದ ಅದು ನಿಷಿದ್ಧ. ಬಿಲ ತೋಡುವ ಸಣ್ಣ ಮೊಲಕ್ಕೆ ಮಾತ್ರ ಆ ಕಾನೂನಿನಲ್ಲಿ ವಿನಾಯಿತಿಯಿದೆ. ಕನ್ನಡದಲ್ಲಿ ಎರಡನ್ನೂ ಮೊಲ ಎನ್ನುತ್ತೇವೆ, ಆದರೆ ಬಿಲದ ಮೊಲದ ಮರಿ ಕಣ್ಣು ಮುಚ್ಚಿಕೊಂಡು, ರೋಮವಿಲ್ಲದೆ ಹುಟ್ಟುತ್ತದೆ. ನಿಮ್ಮ ಹೊಲದ್ದು ಕಣ್ಣು ತೆರೆದು, ಮೈತುಂಬ ರೋಮ ಹೊತ್ತೇ ಹುಟ್ಟುವ ಜಾತಿ. ಸಸಿ ಎಳೆಯದಾಗಿರುವಷ್ಟು ದಿನ ಬೇಲಿಯ ಬುಡಕ್ಕೆ ತಂತಿಯ ಕೋಳಿಬಲೆ ಕಟ್ಟಿ, ಅದರ ಕೆಳ ಅಂಚನ್ನು ಮಣ್ಣಿನಲ್ಲಿ ಹೂಳಿ.

ಪ್ರಶ್ನೆ: ಮೈಸೂರಿನಲ್ಲಿ ಎರಡು ವರ್ಷದ ಬೀಗಲ್ ಸಾಕಿದ್ದೇನೆ. ಪಾರ್ಕಿನಲ್ಲಿ ಬಿಟ್ಟರೆ ನೆಲ ಮೂಸುತ್ತ ಹೊರಟುಹೋಗುತ್ತದೆ, ಕರೆದರೂ ತಿರುಗುವುದಿಲ್ಲ. ಹೊಡೆದು ಬುದ್ಧಿ ಕಲಿಸಬೇಕೇ?

ಉತ್ತರ: ಹೊಡೆಯಬೇಡಿ, ಅದು ಮೊಂಡುತನವಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಆ ಮೂಗೇ ನಿಮ್ಮ ಮನೆಯಲ್ಲೂ ಇದೆ. ಅಮೆರಿಕದ ಕೃಷಿ ಇಲಾಖೆ 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಬೀಗಲ್‌ಗಳನ್ನು ಕೆಲಸಕ್ಕೆ ನಿಲ್ಲಿಸಿತು. ಮಗಳ ಮನೆಗೆಂದು ಬ್ಯಾಗಿನ ತಳದಲ್ಲಿ ಒಯ್ದ ಮಾವಿನಹಣ್ಣನ್ನು ಪತ್ತೆಮಾಡುವುದು ಇಂಥ ನಾಯಿಗಳೇ. ಜಾಡು ಹಿಡಿದ ಬೀಗಲ್‌ಗೆ ನಿಮ್ಮ ಕೂಗು ಮುಟ್ಟುವುದಿಲ್ಲ. ಬಯಲಿನಲ್ಲಿ ಹಗ್ಗ ಬಿಚ್ಚಲೇಬೇಡಿ. ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ, ಕುತ್ತಿಗೆಪಟ್ಟಿಗಲ್ಲ, ಎದೆಪಟ್ಟಿಗೆ. ದಿನಕ್ಕೊಮ್ಮೆ ಬೇಯಿಸಿದ ಕೋಳಿಯ ಚೂರೊಂದನ್ನು ಹುಲ್ಲಿನ ಮೇಲೆ ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋಗಿ ಕೊನೆಯಲ್ಲಿ ಬಚ್ಚಿಡಿ. ಆಮೇಲೆ ನಾಯಿಯನ್ನು ಹಗ್ಗದಲ್ಲೇ ಜಾಡಿನ ಆರಂಭಕ್ಕೆ ತಂದು ಬಿಡಿ. ಅದು ಹುಡುಕಿ ತಿಂದು ತಲೆ ಎತ್ತಿದ ಕ್ಷಣ ಹೆಸರು ಹಿಡಿದು ಕರೆಯಿರಿ, ಬಂದರೆ ಕೈಯಿಂದ ಇನ್ನೊಂದು ಚೂರು ಕೊಡಿ. ಕೆಲವು ವಾರ ಬಿಡದೆ ಮಾಡಿ. ಜಾಡು ದಿನವೂ ಒಂದೇ ದಿಕ್ಕಿಗೆ ಬೇಡ, ಒಂದೆರಡು ತಿರುವು ಇರಲಿ.