ಎಐ ಬಗ್ಗೆ ಪ್ರಬಂಧ ಬರೆಯುವವರು ನೂರು ವರ್ಷ ಹಳೆಯ ತೀರ್ಪು ಓದಬೇಕಾ?

ಎಐ ಮತ್ತು ಕಾಪಿರೈಟ್ ಮೇಲೆ ಪ್ರಬಂಧ ಬರೀತಿದ್ದೀನಿ, ಹಳೇ ತೀರ್ಪುಗಳನ್ನೆಲ್ಲ ಓದಲೇಬೇಕಾ ಅಂತ ಕೇಳಿದ್ದೀರಿ. ಎಲ್ಲ ಬೇಕಿಲ್ಲ. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲಿ ಕೊಟ್ಟ ವೈಟ್-ಸ್ಮಿತ್ ವಿರುದ್ಧ ಅಪೊಲೊ ತೀರ್ಪನ್ನು ಮಾತ್ರ ಬಿಡಬೇಡಿ.

ತಾನೇ ನುಡಿಯುವ ಪಿಯಾನೋಗಳ ಕಾಲ ಅದು. ಉದ್ದನೆಯ ಕಾಗದದ ಸುರುಳಿ, ಅದರ ತುಂಬ ಸಣ್ಣ ಸಣ್ಣ ತೂತು. ಸುರುಳಿ ಬಿಚ್ಚಿಕೊಳ್ಳುತ್ತಾ ಹೋದ ಹಾಗೆ, ತೂತು ಬಂದಲ್ಲಿ ಗಾಳಿ ಹಾಯ್ದು ಆ ಸ್ವರ ನುಡಿಯುತ್ತದೆ. ಹಾಡಿನ ಹಕ್ಕಿದ್ದ ಪ್ರಕಾಶಕರು ವೈಟ್-ಸ್ಮಿತ್, ಅಪೊಲೊ ಕಂಪನಿ ಮಾರುವ ಈ ಸುರುಳಿ ನಮ್ಮ ಹಾಡಿನ ನಕಲು ಎಂದರು. ಕೋರ್ಟ್ ಒಪ್ಪಲಿಲ್ಲ: ಮನುಷ್ಯ ಕಣ್ಣಿಂದ ನೋಡಿ ಓದಲಾಗದ್ದು ನಕಲಲ್ಲ, ಅದು ಯಂತ್ರದ ಒಂದು ಭಾಗ. ನ್ಯಾಯಮೂರ್ತಿ ಹೋಮ್ಸ್ ಫಲಿತಾಂಶಕ್ಕೆ ಒಪ್ಪಿದರೂ ಪ್ರತ್ಯೇಕವಾಗಿ ಬರೆದರು. ಅದೇ ಸ್ವರಗಳನ್ನು ಹೊರಡಿಸುವ ಸಾಧನ ತತ್ವದಲ್ಲಿ ನಕಲೇ, ಕಾನೂನು ಅಷ್ಟು ಅಗಲವಿಲ್ಲದಿದ್ದರೆ ಅಗಲ ಮಾಡಬೇಕು ಎಂದರು. ಆ ಎರಡು ಪುಟಕ್ಕಾದರೂ ತೀರ್ಪು ತೆರೆಯಿರಿ.

ಮೊದಲ ಸಲ ಓದಿದಾಗ ನನಗಿದು ಬರೀ ಇತಿಹಾಸ ಅನ್ನಿಸಿತ್ತು. 2025ರ ನವೆಂಬರ್‌ನಲ್ಲಿ ಮತ್ತೆ ತೆಗೆದೆ. ಫೋಟೋ ಮಾರುವ ಗೆಟ್ಟಿ ಇಮೇಜಸ್ ಕಂಪನಿ ಚಿತ್ರ ಬರೆಯುವ ಎಐ ಕಂಪನಿಯೊಂದರ ಮೇಲೆ ಹೂಡಿದ ಪ್ರಕರಣದಲ್ಲಿ ಲಂಡನ್ನಿನ ಹೈಕೋರ್ಟ್, ಎಐ ಮಾದರಿಯೊಳಗೆ (ಅಂದರೆ ಚಿತ್ರಗಳಿಂದ ಕಲಿತು ಉಳಿದ ಅಂಕಿಗಳೊಳಗೆ) ಚಿತ್ರಗಳು ಶೇಖರವಾಗಿಲ್ಲ, ಹಾಗಾಗಿ ಮಾದರಿ ನಕಲಲ್ಲ ಎಂದಿತು. ಒಂದು ವಾರಕ್ಕೆ ಜರ್ಮನಿಯ ಮ್ಯೂನಿಕ್‌ನ ಕೋರ್ಟ್, ಇನ್ನೊಂದು ಎಐ ಪ್ರಕರಣದಲ್ಲಿ, ಹಾಡಿನ ಸಾಲುಗಳು ಮಾದರಿಯ ಅಂಕಿಗಳಲ್ಲಿ ಉಳಿದುಕೊಂಡು, ಕೇಳಿದಾಗ ಹೊರಬರುತ್ತಿದ್ದರೆ ಅದು ನಕಲೇ ಎಂದಿತು. ಕಣ್ಣಿಂದ ಓದಲಾಗದ ಅಂಕಿಗಳ ರಾಶಿ, ಅದೇ ತೂತು ಕಾಗದದ ಪ್ರಶ್ನೆ! (ಎರಡೂ ಕಡೆ ಕಾನೂನು ಬೇರೆ, ಸಾಕ್ಷ್ಯ ಬೇರೆ. ಇದನ್ನು ಪ್ರಬಂಧದಲ್ಲಿ ಹೇಳದೆ ಬಿಡಬೇಡಿ.)

ಆದರೆ ನಿಮ್ಮ ಪ್ರಬಂಧದ ತಿರುಳು ಇರಬೇಕಾದ್ದು ಮುಂದಿನ ಕಥೆಯಲ್ಲಿ ಅಂತ ನನಗನ್ನಿಸುತ್ತದೆ. 1909ರಲ್ಲೇ ಅಮೆರಿಕದ ಸಂಸತ್ತು ಕಾನೂನು ಬದಲಿಸಿತು. ಸುರುಳಿಯಂಥ ಯಾಂತ್ರಿಕ ನಕಲಿನ ಮೇಲೂ ರಚನಕಾರರಿಗೆ ಹಕ್ಕು ಸಿಕ್ಕಿತು. ಜೊತೆಗೇ ಒಂದು ಕಂಪನಿ ಎಲ್ಲ ಹಾಡುಗಳನ್ನೂ ಕೈವಶ ಮಾಡಿಕೊಂಡೀತೆಂಬ ಭಯಕ್ಕೆ ಕಡ್ಡಾಯ ಲೈಸೆನ್ಸೂ ಬಂತು: ಒಬ್ಬರಿಗೆ ಅನುಮತಿ ಕೊಟ್ಟ ಮೇಲೆ, ಒಂದೊಂದು ಪ್ರತಿಗೂ 2 ಸೆಂಟ್ ಕೊಟ್ಟು ಯಾರು ಬೇಕಾದರೂ ಆ ಹಾಡಿನ ಯಾಂತ್ರಿಕ ಪ್ರತಿ ಮಾಡಬಹುದಿತ್ತು. ಆ 2 ಸೆಂಟ್ 1978ರವರೆಗೂ ಕದಲಲಿಲ್ಲ. ನಕಲು ಎಂದರೇನು ಅನ್ನುವ ತೊಡಕನ್ನು ಒಂದೇ ವರ್ಷದಲ್ಲಿ ಬಿಡಿಸಿದವರು, ರಚನಕಾರರ ಕೂಲಿಯನ್ನು ಸುಮಾರು 70 ವರ್ಷ ಮುಟ್ಟಲಿಲ್ಲ. ಇದು ನನಗೆ ಈಗಲೂ ಸಂಕಟ ಕೊಡುತ್ತದೆ.

ಎಐ ಕಂಪನಿಗಳಿಗೂ ಕಡ್ಡಾಯ ಲೈಸೆನ್ಸ್ ಇರಲಿ ಎನ್ನುವ ಲೇಖನ ಸಿಕ್ಕಿದರೆ, ದರ ಎಷ್ಟೆಂದು ನೋಡುವ ಮೊದಲು ಅದನ್ನು ಯಾರು, ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆಂದು ಹುಡುಕಿ.