ಕಿಟಕಿಯ ಪಕ್ಕದ ಜಪಸರ

ನನ್ನ ಬಳಿ ಸಲಹೆ ಕೇಳಿ ಬಂದವರು ನಲವತ್ತರ ಆಸುಪಾಸಿನ ಗೃಹಿಣಿ, ಕಥೋಲಿಕ ಕುಟುಂಬದವರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪತಿ ಕೊಲ್ಲಿ ದೇಶದಲ್ಲಿದ್ದಾರೆ. ಅವರು ಊರಿಗೆ ಬಂದುಹೋಗಿ 3 ವರ್ಷವಾಯಿತು. ಮನೆಯಲ್ಲಿ ಅತ್ತೆ ಮತ್ತು 16 ವರ್ಷದ ಮಗ. ಸಂಜೆ ಏಳಕ್ಕೆ ಮನೆಯ ಪ್ರಾರ್ಥನಾ ಪೀಠದ ಮುಂದೆ ಮೊಣಕಾಲೂರಿ ಜಪಸರ, ಅಂದರೆ ಮಣಿಮಾಲೆ ಹಿಡಿದು ಮಾಡುವ ಮರಿಯಮ್ಮನ ಪ್ರಾರ್ಥನೆ, ಹೇಳುವುದು ಆ ಮನೆಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

ಒಂದು ಸಂಜೆ ಮಗ ನಡುವೆಯೇ ಎದ್ದುಬಿಟ್ಟ. "ಅಮ್ಮಾ, ಪಕ್ಕದ ಮನೆಯವರು ಅಂಗಳಕ್ಕೆ ಬಂದ ಕೂಡಲೇ ನಿನ್ನ ದನಿ ಏರುತ್ತದೆ. ನೀನು ಹೇಳುವುದು ಅವರಿಗಾಗಿ." ಆಕೆ ಅವನ ಕೆನ್ನೆಗೆ ಹೊಡೆದರು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

"ಅವನು ಹೇಳಿದ್ದರಲ್ಲಿ ನಿಜವಿದೆ ಮೇಡಂ. ಬೆರಳು ಮಣಿ ದಾಟಿಸುತ್ತದೆ, ಬಾಯಿ ನಮೋ ಮರಿಯಾ ಎನ್ನುತ್ತದೆ, ಮನಸ್ಸು ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ. ಜಪಸರ ಬಿಟ್ಟುಬಿಡಲೇ?"

ಬೇಡ ಎಂದೆ. ಆಚರಣೆ ಬಿಡಿ, ಮನಸ್ಸೊಂದಿದ್ದರೆ ಸಾಕು ಎಂದು ಹೇಳಿ ಕಳಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದುಃಖದಲ್ಲಿ ಸ್ವಂತ ಮಾತು ಹೊರಡದಾಗ ಬಾಯಿಪಾಠದ ಪ್ರಾರ್ಥನೆಯೇ ಜನರ ಕೈಹಿಡಿಯುವುದನ್ನು ಸಾವಿನ ಮನೆಗಳಲ್ಲಿ ಕಂಡಿದ್ದೇನೆ. ಮನಸ್ಸು ಚದುರಿದ ಮಾತ್ರಕ್ಕೆ ಭಕ್ತಿ ಸುಳ್ಳಾಗುವುದಿಲ್ಲ. 1925ರಲ್ಲಿ ಸಂತ ಪದವಿಗೇರಿದ ಫ್ರಾನ್ಸಿನ ಸನ್ಯಾಸಿನಿ ಲಿಸ್ಯುವಿನ ತೆರೇಸಾ ಕೂಡ, ಒಬ್ಬಳೇ ಕುಳಿತು ಜಪಸರ ಹೇಳುವುದು ತನಗೆ ಬಲು ಕಷ್ಟವೆಂದು ಬರೆದುಕೊಂಡಿದ್ದರು. ಇದನ್ನು ಕೇಳಿ ಆಕೆ ಕಣ್ಣೊರೆಸಿಕೊಂಡರು.

ಆದರೆ ದನಿ ಏರುವ ಸಂಗತಿ ಬೇರೆ. ಜನರು ನೋಡಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ ಯೇಸು ಎಚ್ಚರಿಸಿದ್ದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ನೆರೆಯವರಿಗೆ ಕೇಳಿಸಲೇಬೇಕು ಎಂದು ಏಕೆ ಅನಿಸುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತಾ ಕುಳಿತಿದ್ದರು.

"ಗಂಡ ಕೈಬಿಟ್ಟಿದ್ದಾನೆ ಎಂದು ಆಡಿಕೊಳ್ಳಬಾರದಲ್ಲ. ನಮ್ಮ ಮನೆ ಸರಿಯಾಗಿದೆ ಎಂದು ಗೊತ್ತಾಗಲಿ ಎಂದು."

ಈ ಸಂಕಟವನ್ನು ದೇವರ ಮುಂದೆ ಎಂದಾದರೂ ಹೇಳಿಕೊಂಡಿದ್ದೀರಾ ಎಂದೆ. ದೇವರನ್ನು ದೂರುವುದು ಪಾಪವಲ್ಲವೇ ಎಂದರು.

ಗಂಟು ಇದ್ದದ್ದು ಇಲ್ಲಿ. ಅವರಿಂದಲೇ ಬೈಬಲಿನ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿಸಿದೆ. ಬಹುಪಾಲು ದೂರೇ, ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. "ಇದೂ ಬೈಬಲಿನಲ್ಲಿದೆಯೇ?" ಎಂದು ಪುಟ ತಿರುವಿ ಮತ್ತೆ ನೋಡಿದರು.

ನಾನು ಕೊಟ್ಟ ಸಲಹೆ ಇಷ್ಟು. ಸಂಜೆಯ ಜಪಸರ ನಡೆಯಲಿ, ಅತ್ತೆಗೆ ಕೇಳಿಸುವಷ್ಟು ದನಿ ಸಾಕು. ಎಲ್ಲರೂ ಮಲಗಿದ ಮೇಲೆ ಬಾಗಿಲು ಮುಚ್ಚಿ ಹತ್ತು ನಿಮಿಷ, ಕೈಯಲ್ಲಿ ಮಣಿಯಿಲ್ಲದೆ, ಮನಸ್ಸಿನಲ್ಲಿರುವುದನ್ನು ನಿಮ್ಮದೇ ಮಾತಿನಲ್ಲಿ ದೇವರಿಗೆ ಹೇಳಿ, ಸಿಟ್ಟಿದ್ದರೆ ಸಿಟ್ಟನ್ನೇ. ಅಲ್ಲಿ ಏನು ಹೇಳಿದಿರೆಂದು ನನಗೂ ತಿಳಿಸಬೇಕಿಲ್ಲ. ಪತಿಯೊಂದಿಗೆ ಆಡಬೇಕಾದ ಮಾತನ್ನು ಪ್ರಾರ್ಥನೆಯ ಹೆಸರಿನಲ್ಲಿ ಮುಂದೂಡಬೇಡಿ. ಹೊಡೆದದ್ದಕ್ಕೆ ಮಗನ ಕ್ಷಮೆ ಕೇಳಿ, ಅದಕ್ಕೆ ಪ್ರತಿಯಾಗಿ ಅವನು ಮೊಣಕಾಲೂರಬೇಕೆಂಬ ಷರತ್ತು ಬೇಡ.

ಐದನೇ ಭೇಟಿಯ ಹೊತ್ತಿಗೆ ಪತಿಗೆ ಫೋನ್ ಮಾಡಿ ನೇರವಾಗಿ ಕೇಳಿದ್ದರು. ಬಂದ ಉತ್ತರ ಹಿತವಾಗಿರಲಿಲ್ಲ. ಆ ವಿಚಾರದಲ್ಲಿ ನಮ್ಮ ಮಾತುಕತೆ ಇನ್ನೂ ನಡೆಯುತ್ತಿದೆ. ಮಗನ ಬಳಿ ಕ್ಷಮೆ ಕೇಳಿದ್ದಾರೆ. ಅವನು ಇನ್ನೂ ಮೊಣಕಾಲೂರುವುದಿಲ್ಲ. ಏಳು ಗಂಟೆಗೆ ಬಂದು ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂರುತ್ತಾನಂತೆ.