ಸೇವೆಗೆ ಹೊರಟಾಗಲೆಲ್ಲ ತಡೆ ಬಂದರೆ ದೇವರ ಸಮಯವನ್ನು ನಂಬುವುದು ಹೇಗೆ?

ಪದೇ ಪದೇ ಅಡ್ಡಿ ಬಂದರೆ, ದೇವರಿಗೇ ಇಷ್ಟವಿಲ್ಲವೇನೋ ಅನ್ನಿಸುವುದು ಸಹಜ. ಆದರೆ ಊರೂರು ತಿರುಗಿ ಸುವಾರ್ತೆ ಸಾರಿದ ಅಪೊಸ್ತಲ ಪೌಲನನ್ನು ನೋಡಿ. ಬೈಬಲಿನ ಅಪೊಸ್ತಲರ ಕೃತ್ಯಗಳು 16ರಲ್ಲಿ, ಆಸ್ಯದಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ರೋಮನ್ ಪ್ರಾಂತ್ಯ) ವಾಕ್ಯ ಸಾರದಂತೆ ಪವಿತ್ರಾತ್ಮನೇ ತಡೆಯುತ್ತಾನೆ. ಬಿಥೂನ್ಯಕ್ಕೆ ಹೊರಟರೆ ಅಲ್ಲಿಗೂ ಬಿಡುವುದಿಲ್ಲ. ಕಾರಣವನ್ನೂ ಹೇಳುವುದಿಲ್ಲ. ಆಮೇಲೆ ತ್ರೋವದಲ್ಲಿ ದರ್ಶನವಾಗಿ ಮಕೆದೋನ್ಯಕ್ಕೆ ಹೋಗುತ್ತಾನೆ. ಈಗ 19ನೇ ಅಧ್ಯಾಯಕ್ಕೆ ಬನ್ನಿ. ಅದೇ ಆಸ್ಯದ ಎಫೆಸದಲ್ಲಿ, ತುರನ್ನನ ತರ್ಕಶಾಲೆಯಲ್ಲಿ, 2 ವರ್ಷ ದಿನಾಲೂ ಬೋಧಿಸುತ್ತಾನೆ!

ರೋಮಿಗೆ ಬರಬೇಕೆಂದು ಎಷ್ಟೋ ಸಲ ಯೋಚಿಸಿದೆ, ಆಗಲಿಲ್ಲ ಅಂತ ಅವನೇ ಬರೆಯುತ್ತಾನೆ (ರೋಮಾ 1:13). ಹಾಗಂತ ಸುಮ್ನೆ ಕೂರಲಿಲ್ಲ, ಅಲ್ಲಿನ ವಿಶ್ವಾಸಿಗಳಿಗೆ ಈ ಪತ್ರ ಬರೆದ. ಮೊದಲೇ ಹೋಗಿಬಿಟ್ಟಿದ್ದರೆ ಆ ಪತ್ರ ನಮಗೆ ಸಿಗುತ್ತಿತ್ತಾ? ನನಗೆ ಜಾಸ್ತಿ ಧೈರ್ಯ ಕೊಡುವುದು ಇದೇ. ಕೊನೆಗೆ ರೋಮ್ ತಲುಪಿದ್ದು ಕೈದಿಯಾಗಿ. ಬಾಡಿಗೆ ಮನೆ, ಪಕ್ಕದಲ್ಲಿ ಕಾವಲು ಸಿಪಾಯಿ, ಬಂದವರಿಗೆಲ್ಲ ಸುವಾರ್ತೆ.

ಎಲ್ಲ ತಡೆಯೂ ದೇವರದ್ದೇ ಅಂತಲ್ಲ. ಥೆಸಲೋನಿಕಕ್ಕೆ ಬರದಂತೆ ಸೈತಾನ ತಡೆದ ಎಂದೂ ಪೌಲ ಹೇಳುತ್ತಾನೆ (1 ಥೆಸ 2:18). ಆಗ ತನ್ನ ಬದಲು ಜೊತೆ ಸೇವಕ ತಿಮೊಥೆಯನನ್ನು ಕಳಿಸಿದ. ನೀವೂ ಪ್ರಾರ್ಥನೆ ಮಾಡಿ, ಸಭೆಯ ಹಿರಿಯರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ. ದಾರಿ ತೆರೆಯುವವರೆಗೆ ಸಂಡೇ ಸ್ಕೂಲೋ, ಆಸ್ಪತ್ರೆ ಭೇಟಿಯೋ, ಕೈಗೆ ಸಿಕ್ಕಿದ ಸೇವೆ ಬಿಡಬೇಡಿ.